ವಾರಿಜಕ್ಕನ ರಾಣಿಯರು

ದಿವಾಕರಣ್ಣನನ್ನು ಕೇಳಿಕೊಂಡು ಯಾರೇ ಫೋನ್ ಮಾಡಲಿ, ವಾರಿಜಕ್ಕನ ಉತ್ತರ ಒಂದೇ. "ಅವರಿಲ್ಲ. ನಾನಿದ್ದೇನೆ. ಹೇಳಿ." ಆ ಕಡೆಯವರು ತಡವರಿಸಿ, "ಪರವಾಗಿಲ್ಲ, ಅವರು ಬಂದ ಮೇಲೆ ಮಾಡ್ತೇನೆ" ಎಂದರೆ ಅಕ್ಕನ ಮೂಗಿನ ತುದಿ ಕೆಂಪಾಗುತ್ತಿತ್ತು. ಅವರು ಬಂದ ಮೇಲೂ ಆ ಕೆಲಸ ಮಾಡಬೇಕಾದದ್ದು ತಾನೇ ಎಂದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ದಿವಾಕರಣ್ಣ ಅವರ ಗಂಡ, ಈ ಗಲ್ಫ್ ದೇಶದಲ್ಲಿ ನಮ್ಮ ಕನ್ನಡ ಸಂಘದ ಖಾಯಂ ಅಧ್ಯಕ್ಷರು. ದೂರದ ರುಸ್ತಾಕ್ ಕಡೆ ಕಂಪನಿಯ ಸೈಟಿನಲ್ಲಿ ಕೆಲಸ. ಅಲ್ ಅಮೇರಾತಿನ ಮನೆಗೆ ಗುರುವಾರ ಸಂಜೆ ಬಂದರೆ ಶನಿವಾರ ಹೊರಟರು. ಉಳಿದ ದಿನ ಸಂಘವೆಂದರೆ ವಾರಿಜಕ್ಕ. ಹಾಲ್ ಗೊತ್ತು ಮಾಡುವವರು ಅವರು, ಊರಿನಿಂದ ಬರುವ ಕಲಾವಿದರ ಕಾಗದಪತ್ರ ಹೊಂದಿಸುವವರು ಅವರು, ಯಾರದೋ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಧಣಿಗೆ, ಹರುಕುಮುರುಕು ಅರಬಿಯಲ್ಲಿ ಬುದ್ಧಿ ಹೇಳುವವರೂ ಅವರೇ. ಶನಿವಾರ ಬೆಳಿಗ್ಗೆ ಅವರ ಮನೆಯ ಹಾಲಿನಲ್ಲಿ ಸಂಘದ ಕನ್ನಡ ತರಗತಿ. ಹನ್ನೊಂದು ವರ್ಷ ಒಂದು ಪೈಸೆ ಮುಟ್ಟದೆ ನಡೆಸಿದರು. "ಯೆಸ್ ಆಂಟಿ" ಎನ್ನುವ ಮಕ್ಕಳಿಗೆ, "ಹೌದು ಅಂತ ಹೇಳಿದ್ರೆ ನಾಲಗೆಗೆ ಮುಳ್ಳು ಚುಚ್ಚುದಿಲ್ಲ ಮಗಾ" ಎನ್ನುತ್ತಿದ್ದರು. ನನ್ನ ಮಗಳು ಒತ್ತಕ್ಷರ ಕಲಿತದ್ದು ಅಲ್ಲಿ.

ದಿವಾಕರಣ್ಣನ ಭಾಷಣಗಳನ್ನೂ ಅಕ್ಕನೇ ಬರೆಯುತ್ತಿದ್ದರು. ಒಂದು ವರ್ಷ ಗಡಿಬಿಡಿಯಲ್ಲಿ ಬರೆದು ತಿದ್ದಲು ಮರೆತರು. ದಿವಾಕರಣ್ಣ ವೇದಿಕೆಯಲ್ಲಿ ನಿಂತು ಗಂಭೀರವಾಗಿ ಓದಿದರು: "ನನ್ನ ಗಂಡ ರುಸ್ತಾಕಿನಿಂದ ಬಂದು ತಲುಪುವಷ್ಟರಲ್ಲಿ ಕಾರ್ಯಕ್ರಮದ ತಯಾರಿ ಅರ್ಧ ಮುಗಿದಿರುತ್ತದೆ." ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದಿವಾಕರಣ್ಣನೂ ನಕ್ಕರು. ನಕ್ಕವರಲ್ಲಿ ಒಬ್ಬರಾದರೂ, ಹಾಗಾದರೆ ಇದನ್ನು ಬರೆದದ್ದು ಯಾರು, ಅವರನ್ನು ಮೇಲೆ ಕರೆಯಿರಿ ಎನ್ನಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ಎನ್ನಲಿಲ್ಲ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಕ್ಕ ಮಂಗಳೂರಿನಲ್ಲಿ ಇತಿಹಾಸ ಎಂ.ಎ. ಮಾಡಿದವರು. ಮೆಡಿಟರೇನಿಯನ್ ಸಮುದ್ರದ ದಂಡೆಯ ಅರಗಾನ್ ಎಂಬ ಹಳೆಯ ರಾಜ್ಯದ ಪಟ್ಟದರಸಿಯರ ಮೇಲೆ ಪ್ರಬಂಧ ಬರೆದಿದ್ದರು. "ನಮ್ಮೂರಿನ ರಾಣಿಯರು ಸಾಲಲಿಲ್ಲವಾ?" ಎಂದು ಮೇಷ್ಟ್ರು ನಕ್ಕರಂತೆ. "ನಮ್ಮೂರಿನವರು ಸಿಂಹಾಸನದಲ್ಲಿ ಕೂತು ಆಳಿದ್ರು ಸಾರ್. ನನಗೆ ಬೇಕಾದ್ದು ಅದರ ಪಕ್ಕದಲ್ಲಿ ನಿಂತು ಆಳಿದವರು" ಎಂದರಂತೆ ಅಕ್ಕ.

ನೀರುದೋಸೆ ಹೊಯ್ಯುತ್ತ ಆ ರಾಣಿಯರ ಕತೆ ಹೇಳುವಾಗ ಸಟ್ಟುಗ ಕಾವಲಿಯ ಮೇಲೆ ಠಣ್ಣೆನ್ನುತ್ತಿತ್ತು. "ಒಬ್ಬಳ ಗಂಡ ಸಮುದ್ರ ದಾಟಿ ನೇಪಲ್ಸ್ ಗೆಲ್ಲಿಕ್ಕೆ ಹೋದ. ಗೆದ್ದ. ಅಲ್ಲೇ ಕೂತ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ! ಇಲ್ಲಿ ಸಭೆ ಕರೆದದ್ದು ಅವಳು, ಅವನ ಯುದ್ಧಕ್ಕೆ ದುಡ್ಡು ಹೊಂದಿಸಿದ್ದು ಅವಳು, ಧಣಿಗಳ ಎದುರು ಒಕ್ಕಲುಗಳ ದೂರು ಕೇಳಿದ್ದು ಅವಳು. ಪುಸ್ತಕದಲ್ಲಿ ಎಂತ ಉಂಟು ಗೊತ್ತುಂಟಾ? ರಾಜನ ಕಾಲ ಅಂತ! ಅವ ಊರಲ್ಲೇ ಇರ್ಲಿಲ್ಲ ಮಾರಾಯ್ತಿ!"

"ಅಷ್ಟು ಅಧಿಕಾರ ಇತ್ತಲ್ಲ ಅಕ್ಕ, ಮತ್ತೆಂತ?" ಎಂದೆ ಒಮ್ಮೆ.

"ಅಧಿಕಾರ ಗಂಡ ಬರೆದುಕೊಟ್ಟ ಕಾಗದದಲ್ಲಿ ಇದ್ದದ್ದು. ಅವ ಇನ್ನೊಂದು ಕಾಗದ ಬರೆದ್ರೆ ಖಲಾಸ್."

ಅಕ್ಕನ ರೆಸಿಡೆಂಟ್ ಕಾರ್ಡಿನ ಕತೆಯೂ ಅದೇ. ಅದು ಗಂಡನ ನೌಕರಿಗೆ ಅಂಟಿಕೊಂಡ ಕುಟುಂಬದ ವೀಸಾ. ಅದರ ಮೇಲೆ ಸಂಬಳದ ಕೆಲಸ ಮಾಡುವಂತಿಲ್ಲ. ನಾನು ಬೌಷರಿನ ಒಂದು ಆಫೀಸಿನಲ್ಲಿ ಸ್ವಂತ ವೀಸಾದ ಮೇಲೆ ಕೆಲಸ ಮಾಡುವವಳು. ನನ್ನ ಕಾರ್ಡನ್ನು ಅವರು ಒಂದೆರಡು ಸಲ ಕೈಗೆ ತೆಗೆದುಕೊಂಡು ನೋಡಿದ್ದುಂಟು.

ಸಂಘದ ಸ್ಮರಣ ಸಂಚಿಕೆಗೆ ನಾನು ಸಂಪಾದಕಿ. ಅಕ್ಕ ತಮ್ಮ ರಾಣಿಯರ ಮೇಲೆ ಒಂದು ಲೇಖನ ಬರೆದುಕೊಟ್ಟರು. ಓದುತ್ತ ನನಗೆ ಕಣ್ಣು ತುಂಬಿತು. ಕೊನೆಯಲ್ಲಿ ಒಂದು ಸಾಲು: "ಲೇಖಕಿ ಹನ್ನೊಂದು ವರ್ಷಗಳಿಂದ ಸಂಘದ ಕನ್ನಡ ತರಗತಿ ನಡೆಸುತ್ತಿದ್ದಾರೆ." ಅಚ್ಚಿಗೆ ಹೋಗುವ ಮುನ್ನಾದಿನ ಕಾರ್ಯದರ್ಶಿಯ ಫೋನ್ ಬಂತು. ಅಧ್ಯಕ್ಷರ ಲೇಖನ ಇಲ್ಲದೆ ಸಂಚಿಕೆ ಹೇಗೆ ತರುವುದು? ಆ ರಾಣಿಯರ ಲೇಖನಕ್ಕೇ ಅವರ ಹೆಸರು, ಫೋಟೋ ಹಾಕಿ. ವಾರಿಜಕ್ಕನಿಂದ ಒಂದು ಅಡುಗೆ ಬರೆಸಿ ಮಹಿಳಾ ವಿಭಾಗಕ್ಕೆ ಹಾಕಿದರಾಯಿತು. ದಿವಾಕರಣ್ಣನನ್ನು ಕೇಳಿದೆ. "ಯಾರ ಹೆಸರಾದ್ರೆ ಎಂತ, ಒಂದೇ ಮನೆ ಅಲ್ವಾ?" ಎಂದು ನಕ್ಕರು. ಅಕ್ಕನನ್ನು ಕೇಳಲಿಲ್ಲ. ಕೇಳಿದರೆ ಅವರು ಬೇಡ ಎನ್ನುತ್ತಾರೆ, ಆಮೇಲೆ ಸಮಿತಿಯೊಂದಿಗೆ ಜಗಳ ಆಡಬೇಕಾದವಳು ನಾನು. ಹೆಸರನ್ನೂ ಕೊನೆಯ ಸಾಲನ್ನೂ ನನ್ನ ಕೈಯಾರೆ ಅಳಿಸಿದೆ.

ಸಂಚಿಕೆ ನೋಡಿದ ದಿನ ಅಕ್ಕ ಕೂಗಾಡಲಿಲ್ಲ. "ನೀನು ಅದನ್ನು ಓದಿದ್ದಿಯಾ?" ಎಂದರು. ಓದಿದ್ದೆ ಎಂದೆ. "ಓದಿ ಮತ್ತೆ ಹೆಸರು ತೆಗ್ದದ್ದಾ?" ಎಂದು ಕೇಳಿ, ತರಗತಿಯ ಮಕ್ಕಳ ಕಡೆಗೆ ತಿರುಗಿದರು.

ಆರು ತಿಂಗಳಲ್ಲಿ ಕಂಪನಿ ದಿವಾಕರಣ್ಣನನ್ನು ಕೆಲಸದಿಂದ ತೆಗೆಯಿತು. ಅವರ ವೀಸಾ ರದ್ದಾದರೆ ಅಕ್ಕನದೂ ರದ್ದು. ಅದೇ ಹೊತ್ತಿಗೆ ಇಲ್ಲಿಯ ಒಂದು ಶಾಲೆಗೆ ಕನ್ನಡ ಟೀಚರ್ ಬೇಕಿತ್ತು. ಶಾಲೆಯದೇ ವೀಸಾ. ಬೇಕಾದದ್ದು ಪಾಠ ಮಾಡಿದ ಅನುಭವಕ್ಕೆ ಒಂದು ಪತ್ರ, ಅಥವಾ ಅಚ್ಚಾದ ಯಾವುದಾದರೂ ದಾಖಲೆ. ಅಕ್ಕ ಹಿಗ್ಗಿ ಹೋಗಿದ್ದರು. "ಇವರು ಊರಿಗೆ ಹೋಗಿ ಮನೆ ನೋಡಿಕೊಳ್ಳಲಿ. ನನ್ನ ಕಾರ್ಡಿನಲ್ಲಿ ಟೀಚರ್ ಅಂತ ಒಂದು ಸಲ ಬರೀಲಿ ಮಾರಾಯ್ತಿ, ಒಂದೇ ಸಲ!"

ಸಮಿತಿ ಸಭೆ ಸೇರಿತು. ತರಗತಿಯ ಕಡತದಲ್ಲಿ ಎಲ್ಲ ಕಡೆ ಇದ್ದದ್ದು ಅಧ್ಯಕ್ಷರ ಸಹಿ. ಕಾರ್ಯದರ್ಶಿ ಅಂದರು, "ಫ್ಯಾಮಿಲಿ ವೀಸಾದವರು ಇಲ್ಲಿ ಪಾಠ ಮಾಡಿದ್ರು ಅಂತ ನಾವೇ ಬರ್ದುಕೊಟ್ರೆ ನಾಳೆ ಸಂಘಕ್ಕೇ ತೊಂದ್ರೆ." ಹನ್ನೊಂದು ವರ್ಷ ಬಿಟ್ಟಿ ದುಡಿಸುವಾಗ ಎಲ್ಲಿತ್ತು ಈ ಹೆದರಿಕೆ? ತಮ್ಮ ಮಕ್ಕಳನ್ನು ಆ ಬಾಗಿಲಲ್ಲಿ ಇಳಿಸಿ ಶಾಪಿಂಗ್ ಮಾಲ್‌ಗೆ ಹೋಗುವಾಗ ಯಾರಿಗಾದರೂ ವೀಸಾ ನೆನಪಾಗಿತ್ತೆ? ಕೊನೆಗೆ ಕೊಟ್ಟ ಪತ್ರದಲ್ಲಿ ಒಂದೇ ವಾಕ್ಯ: "ಶ್ರೀಮತಿ ದಿವಾಕರ್ ಅವರು ಅಧ್ಯಕ್ಷರ ಪತ್ನಿಯಾಗಿ ಸಂಘದ ಚಟುವಟಿಕೆಗಳಿಗೆ ಸಹಕರಿಸಿದ್ದಾರೆ." ಅವರ ಸ್ವಂತ ಹೆಸರೂ ಇರಲಿಲ್ಲ. ಶಾಲೆಯವರು ಓದಿ ಮರ್ಯಾದೆಯಿಂದಲೇ ಹಿಂದಕ್ಕೆ ಕೊಟ್ಟರು. ಅಚ್ಚಿನ ದಾಖಲೆ ಉಂಟಾ ಎಂದು ಕೇಳಿದ್ದಕ್ಕೆ ಅಕ್ಕ ಇಲ್ಲ ಎಂದರಂತೆ. ಇರಬೇಕಾಗಿತ್ತು. ನಾನು ಅಳಿಸಿದ್ದೆ.

ಬೀಳ್ಕೊಡುಗೆಯಲ್ಲಿ ದಿವಾಕರಣ್ಣನಿಗೆ "ಕನ್ನಡ ತರಗತಿಯ ರೂವಾರಿ" ಎಂದು ಕೆತ್ತಿದ ಫಲಕ ಕೊಟ್ಟರು, ಅಕ್ಕನಿಗೆ ಹೂಗುಚ್ಛ. ದಿವಾಕರಣ್ಣ ಆ ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಆದರೆ ನನ್ನ ಮೇಲಿನ ಸಿಟ್ಟಿನ ಮುಂದೆ ಅದು ಏನೂ ಅಲ್ಲ.

ಹೊರಡುವ ದಿನ ಬೆಳಿಗ್ಗೆ ಅಲ್ ಅಮೇರಾತಿಗೆ ಹೋದೆ. ಸಂಪಾದಕಿಯಾಗಿ ನನ್ನ ಹೆಸರಿನಲ್ಲಿ ಎರಡು ಪುಟದ ಪತ್ರ ಬರೆದಿದ್ದೆ. ತರಗತಿ, ಭಾಷಣಗಳು, ಲೇಖನ, ಯಾವುದು ಯಾರದು ಎಂದು ಬಿಡಿಸಿ ಬರೆದು ಸಹಿ ಹಾಕಿದ್ದೆ. ಊರಿನಲ್ಲಾದರೂ ಉಪಯೋಗಕ್ಕೆ ಬಂದೀತು ಎಂಬ ಆಸೆ. ಖಾಲಿ ಹಾಲಿನಲ್ಲಿ ಒಂದು ಸೂಟ್‌ಕೇಸಿನ ಮೇಲೆ ಕೂತು ಅಕ್ಕ ಎರಡೂ ಪುಟ ನಿಧಾನವಾಗಿ ಓದಿದರು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ಪತ್ರವನ್ನು ಮಡಚಿ ನನ್ನ ಕೈಗೇ ಹಿಂದಕ್ಕೆ ಕೊಟ್ಟರು.

"ಚೆಂದ ಬರ್ದಿದ್ದಿ. ಅಂದ್ರೆ ನಿನಗೆ ಆಗಲೂ ಎಲ್ಲ ಗೊತ್ತಿತ್ತು, ಅಲ್ವಾ?"