ಅಪ್ಪನ ಮಾತು ಮುಗಿದಲ್ಲಿ ಶುರುವಾಗುತ್ತಿದ್ದ ಹಾಡು

ಡ್ಯೂಟಿ ಮುಗಿಸಿ, ಟ್ಯೂಷನ್ನಿನಿಂದ ಮಗಳನ್ನು ಕರೆದುಕೊಂಡು ಸೌದಿಯ ಖೋಬರಿನ ಟ್ರಾಫಿಕ್ಕಿನಲ್ಲಿ ತೆವಳುತ್ತಿದ್ದೆ. ಅವಳು ಒಂದು ಹಾಡು ಹಾಕಿದಳು.

"ಹಳೇ ಜಮೈಕಾ ಹಾಡು ಅಪ್ಪಾ, ರಾಕ್‌ಸ್ಟೆಡಿ ಅಂತಾರೆ. ಈಗ ಎಲ್ಲರೂ ಇದನ್ನೇ ಹೊಸದಾಗಿ ಹಾಡಿ ಕವರ್ ಮಾಡ್ತಾರೆ."

ಯಾರೋ ಹೊಸ ಹುಡುಗಿಯ ದನಿ. ನನಗೆ ಗುರುತು ಹತ್ತಲಿಲ್ಲ. ಅರ್ಧ ದಾಟಿದ ಮೇಲೆ ಮಾತ್ರ ಪ್ರತಿ ತಿರುವೂ ಬಾಯಿಪಾಠವಿತ್ತು.

ನಾನು ಚಿಕ್ಕವನಿದ್ದಾಗ ನನ್ನ ಅಪ್ಪ ಇದೇ ಖೋಬರಿನಿಂದ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಒಮ್ಮೆ, "ಖಾಲಿ ಕ್ಯಾಸೆಟ್ ಸಿಕ್ಕಲಿಲ್ಲ ಮಾರಾಯ್ತಿ, ರೂಮಿನವನ ಜಮೈಕಾ ಹಾಡಿನ ಮೇಲೆಯೇ ಮಾತಾಡ್ತಾ ಇದ್ದೇನೆ" ಎಂದು ಶುರುಮಾಡಿದ್ದರು. ಸೆಕೆ, ಬಿಡದ ಕೆಮ್ಮು, ಕೆಲಸ ಕೊಟ್ಟ ಕಫೀಲ್ ರಜೆ ಕೊಡದ ಬೇಸರ. ಆ ದಣಿದ ಸ್ವರ ನಿಂತದ್ದೇ ಟಕ್ಕೆಂದು ಹಾಡಿನ ಉಳಿದರ್ಧ ಏಳುತ್ತಿತ್ತು. ಅಮ್ಮ ಟೇಪ್ ನಿಲ್ಲಿಸುತ್ತಿರಲಿಲ್ಲ. ನಾನು ಕೈ ಚಾಚಿದರೆ, "ಇರು, ಹಾಡು ಮುಗಿಯಲಿ. ಆಮೇಲೆ ಇನ್ನೆಂತಾದರೂ ಹೇಳಿದ್ದಾರೋ ಏನೋ" ಎನ್ನುತ್ತಿದ್ದರು. ಎಷ್ಟು ಸಲ ಕೇಳಿದರೂ ಹಾಗೆಯೇ.

ಅಪ್ಪನ ಮಾತು ಅಳಿಸಿಹಾಕಿದ್ದ ಮೊದಲರ್ಧವನ್ನು ನಾನು ಕೇಳಿದ್ದು ಇವತ್ತೇ. ಚೆನ್ನಾಗಿತ್ತು. ಅದರಲ್ಲಿ ಕೆಮ್ಮು ಇರಲಿಲ್ಲ.

"ಮನೆ ಬಂತಲ್ಲಾ ಅಪ್ಪಾ, ಇಳಿಯುದಿಲ್ವಾ?"

"ಇರು ಮಾರಾಯ್ತಿ," ಎಂದೆ, "ಹಾಡು ಮುಗಿಯಲಿ."