ಉಜ್ಜಿದಷ್ಟೂ ಹಳದಿ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಆಕೆಯನ್ನು ಎಲ್ಲರೂ ಕತ್ತರಿ ಅಕ್ಕ ಎನ್ನುತ್ತಿದ್ದರು. ಮೇಜಿನ ಮೇಲೆ ಕತ್ತರಿ ಬಿದ್ದಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವವಳು. ಐವತ್ತು ದಾಟಿದರೂ ಒಂದು ಹಲ್ಲೂ ಅಲುಗಿರಲಿಲ್ಲ. ಆ ಬಗ್ಗೆ ಸಣ್ಣ ಜಂಬವೂ ಇತ್ತು.

ಮೊಮ್ಮಗಳು ಹುಟ್ಟಿದಾಗ ಮನೆಯವರೆಲ್ಲ ಸೇರಿ ಫೋಟೊ ತೆಗೆಸಿಕೊಂಡರು. ಅದನ್ನು ನೋಡಿ ತಂಗಿ ಆಡಿಕೊಂಡಳು: "ಅಕ್ಕಾ, ನೀನು ನಕ್ಕಿದ್ದಕ್ಕೆ ಫೋಟೊನೇ ಹಳೇದಾಗಿ ಕಾಣ್ತಿದೆ."

ಹಲ್ಲು ಹಳದಿಯೆಂಬ ಆ ಮಾತು ಚುಚ್ಚಿತು. ತೂಕ ಇಳಿಸಲೆಂದು ಅವಳು ಆಗಲೇ ದಿನಾ ಬರಿಹೊಟ್ಟೆಗೆ ನಿಂಬೆರಸದ ನೀರು ಕುಡಿಯುತ್ತಿದ್ದಳು. ಈಗ ಹಿಂಡಿದ ಸಿಪ್ಪೆಯನ್ನೂ ಬಿಡದೆ ಹಲ್ಲಿಗೆ ತಿಕ್ಕತೊಡಗಿದಳು. ಬಾಯಲ್ಲಿ ಹುಳಿ ಇರುವಾಗಲೇ ಒರಟು ಬ್ರಷ್ ಹಿಡಿದು, ತಳ ಹತ್ತಿದ ಪಾತ್ರೆ ಬೆಳಗಿದಂತೆ ಉಜ್ಜುವಳು. ಹಲ್ಲು ನುಣ್ಣಗಾದಾಗ ಗೆದ್ದೆನೆಂದುಕೊಂಡಳು. ಕೆಲವು ತಿಂಗಳು ಕಳೆದು ಕನ್ನಡಿ ನೋಡಿದರೆ ಮೊದಲಿಗಿಂತ ಹಳದಿ. ಕೊಳೆ ಹಟಮಾರಿ ಇರಬೇಕೆಂದು ಇನ್ನೂ ಉಜ್ಜಿದಳು. ಔಷಧಿ ಅಂಗಡಿಯಿಂದ ಹಲ್ಲು ಬೆಳ್ಳಗೆ ಮಾಡುವ ಜೆಲ್ ತಂದು ಬಳಿದಳು. ಮರುದಿನ ತಣ್ಣೀರು ಕುಡಿದರೆ ನೋವು ನೆತ್ತಿಗೇರಿತು. ಅದೇ ವಾರ ಒಂದು ಅಂಗಿಯ ಗುಂಡಿ ಹಚ್ಚಿ ದಾರ ಕಡಿಯುವಾಗ ಮುಂದಿನ ಹಲ್ಲಿನ ಅಂಚು ಚೂರಾಗಿ ನಾಲಿಗೆಯ ಮೇಲೆ ಬಿತ್ತು.

ಹಲ್ಲಿನ ಡಾಕ್ಟರಮ್ಮ ನಿಂಬೆ, ಜೆಲ್ಲಿನ ಕತೆಯೆಲ್ಲ ಕೇಳಿ, ದೀಪ ಹಿಡಿದು ನೋಡಿದರು. "ಇದು ಕೊಳೆ ಅಲ್ಲಮ್ಮ. ಹಲ್ಲಿನ ಮೇಲೆ ಎನಾಮೆಲ್ ಅಂತ ಗಟ್ಟಿ ಪದರ ಇರತ್ತೆ, ಅದು ಸವೆದಿದೆ. ಒಳಗಿನ ಪದರದ ಬಣ್ಣನೇ ಹಳದಿ. ಕಾಣ್ತಿರೋದು ಅದು."

"ಅಂದ್ರೆ ನಾನೇ ಉಜ್ಜಿ ಉಜ್ಜಿ ಹಳದಿ ಮಾಡ್ಕೊಂಡ್ನಾ?"

"ಹುಳಿ ತಾಗಿದ್ರೆ ಆ ಪದರ ಮೆತ್ತಗಾಗತ್ತೆ. ಆಗಲೇ ಉಜ್ಜಿದ್ರೆ ಸವೆಯತ್ತೆ. ಜೆಲ್ಲು ಬಣ್ಣ ತಿಳಿ ಮಾಡತ್ತೆ ಅಷ್ಟೆ, ಹೋದ ಪದರ ತರಲ್ಲ. ತೆಳ್ಳಗಾದ ಹಲ್ಲಿಗೆ ಅದನ್ನ ಹಚ್ಚಿದ್ರೆ ನೋವೂ ಜಾಸ್ತಿ."

"ಉಗುರಿನ ಹಾಗೆ ಮತ್ತೆ ಬೆಳೆಯಲ್ವಾ?"

"ಇಲ್ಲ."

"ನಿಂಬೆಹಣ್ಣು ಮೈಗೆ ಒಳ್ಳೇದು ಅಂತಾರಲ್ಲ?"

"ಇರಬಹುದು. ಆದ್ರೆ ಹೋಗೋ ದಾರೀಲಿ ಹಲ್ಲು ಸಿಗತ್ತಲ್ಲ."

ಮನೆಗೆ ಬಂದಾಗ ಗಂಡ ಕೇಳಿದ, "ಏನಂದ್ರು?"

"ಜೋರಾಗಿ ಉಜ್ಜಬೇಡ ಅಂದ್ರು. ಹುಳಿ ಕುಡಿದ್ರೆ ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಬೇಕಂತೆ."

"ಚೆನ್ನಾಗಿ ಉಜ್ಜು ಅಂತ ಮಕ್ಕಳಿಗೆ ದಿನಾ ಬೈತಿದ್ಯಲ್ಲ?"

"ಅದೂ ಸರಿನೇ ಅಂತೆ."

"ಹಾಗಾದ್ರೆ ಯಾವುದು ಸರಿ?"

"ಎರಡೂ," ಎಂದು ಅವಳು ತಲೆ ಹಿಡಿದು ಕೂತಳು. ಬಟ್ಟೆ ಒಗೆದರೆ ಕೊಳೆ ಹೋಗುತ್ತದೆ, ನೆಲ ಒರೆಸಿದರೆ ಹೊಳೆಯುತ್ತದೆ. ತನ್ನ ಬಾಯಿಗೆ ಮಾತ್ರ ಯಾಕೆ ಈ ಉಲ್ಟಾ ಲೆಕ್ಕವೆಂದು ತಿಳಿಯಲಿಲ್ಲ.

ಮುರಿದ ಅಂಚನ್ನು ಡಾಕ್ಟರಮ್ಮ ತುಂಬಿಕೊಟ್ಟರು. ಮೆತ್ತನೆಯ ಬ್ರಷ್, ಅವರು ಹೇಳಿದ ಪೇಸ್ಟು ಬಂದ ಮೇಲೆ ನೋವು ತಗ್ಗಿತು. ಹಳದಿ ಹಾಗೇ ಉಳಿಯಿತು.

ಮುಂದೊಮ್ಮೆ ತಂಗಿ ಬಾಟಲಿ ಸೋಡಾ ತಂದಳು. "ಕುಡಿ ಅಕ್ಕ, ಸಕ್ಕರೆ ಇಲ್ಲ, ಹಲ್ಲಿಗೆ ಏನೂ ಆಗಲ್ಲ."

"ಹುಳಿ ಇದೆಯಾ?"

"ಹುಳಿ ಇಲ್ದೆ ಸೋಡಾ ಏನು ಚೆಂದ?"

ಅವಳು ಲೋಟ ಹಿಡಿದು ಗುಳ್ಳೆಗಳನ್ನೇ ನೋಡಿದಳು. ಸಕ್ಕರೆ ಇಲ್ಲ, ಆದರೂ ಹುಳಿಯಿಂದ ಹಲ್ಲಿಗೆ ಕೆಡುಕು; ಡಾಕ್ಟರಮ್ಮ ಹಾಗೆಂದಿದ್ದರೋ ಇಲ್ಲವೋ, ಈಗ ಅದೂ ನೆನಪಾಗಲಿಲ್ಲ. ಕೊನೆಗೆ ಒಂದೇ ಗುಟುಕು ಕುಡಿದು, ಬಾಯಿ ಮುಕ್ಕಳಿಸಲು ಎದ್ದು ಹೋದಳು.