ಟೇಪಿನಲ್ಲಿದ್ದ ಹೆಂಗಸು

ಮಕ್ಕಳೇ, ನಿಮ್ಮಮ್ಮನಿಗೆ ಎರಡನೇ ಕ್ಲಾಸಿನಲ್ಲೇ ಕನ್ನಡಕ ಹೇಗೆ ಬಂತು ಎಂದು ನೀವು ಕೇಳಿದಾಗಲೆಲ್ಲ ನಾನು ಬೇರೆ ಮಾತು ತೆಗೆದಿದ್ದೇನೆ. ಎದುರು ಕೂತು ಹೇಳುವುದು ನನ್ನಿಂದಾಗದು. ಬರೆದರೆ ಆದೀತು.

ಎಪ್ಪತ್ತರ ದಶಕದ ಕೊನೆಗೆ ನಾವು ಜಯನಗರದ ಬಾಡಿಗೆ ಮನೆಯಲ್ಲಿದ್ದೆವು. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ನಿಮ್ಮ ತಾತ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದ್ದರು. ಅವಳ ಡೈರಿಯಲ್ಲಿ ಟೀಚರು ಕೆಂಪು ಶಾಯಿಯಲ್ಲಿ ಬರೆದದ್ದು ನನಗೆ ತಿಳಿಯುತ್ತಿರಲಿಲ್ಲ. ಕೆಂಪು ಕಂಡರೆ ಸಾಕು, ಡೈರಿ ಮುಚ್ಚಿಟ್ಟುಬಿಡುತ್ತಿದ್ದೆ. ನನ್ನನ್ನು ಶಾಲೆಗೆ ಕರೆಸಿದರೆ? ತಾಯಿ ದಡ್ಡಿ, ಮಗಳೂ ಹಾಗೇ ಎಂದುಕೊಂಡರೆ? ಹಾಲಿಗೆ ಇಷ್ಟೊಂದು ನೀರು ಯಾಕಪ್ಪ ಎಂದು ಹಾಲಿನವನನ್ನು ಕೇಳಲೂ ನಾಲಗೆ ಏಳುತ್ತಿರಲಿಲ್ಲ ನನಗೆ. ಆ ಮನೆಯಲ್ಲಿ ಹೆದರಿಕೊಂಡು ಬದುಕುತ್ತಿದ್ದವಳು ನಾನೊಬ್ಬಳೇ ಎಂದು ತಿಳಿದಿದ್ದೆ.

ಒಂದು ಭಾನುವಾರ ಮೈದುನ ಹೊಸ ಟೇಪ್ ರೆಕಾರ್ಡರ್ ತಂದ. ಅತ್ತೆ ಹೂ ಕಟ್ಟುತ್ತಾ ದೇವರನಾಮ ಗುನುಗುತ್ತಿದ್ದರು. ಕೇಳಿದರೆ ಹಾಡುವುದಿಲ್ಲವೆಂದು ಅವನು ಯಾರಿಗೂ ಹೇಳದೆ ಕಿಟಕಿಯ ಮೇಲಿಟ್ಟು ಗುಂಡಿ ಒತ್ತಿ ಹೊರಗೆ ಹೋದ. ಅತ್ತೆ ಹಾಡು ಮುಗಿಸಿ ಎದ್ದರು. ನಾನು ಅಲ್ಲೇ ಮಗಳಿಗೆ ಲೆಕ್ಕ ಹೇಳಿಕೊಡಲು ಕೂತೆ.

ಸಂಜೆ ನಾನು ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ನಡುಮನೆಯಲ್ಲಿ ಟೇಪು ಹಾಕಿದರು. ಅತ್ತೆಯ ಹಾಡಾಯಿತು. ಆಮೇಲೆ ಯಾವಳೋ ಕಿರುಚತೊಡಗಿದಳು.

"ಬಾಯಿ ಬಿಡು! ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ? ಅಳಬೇಡ ಅಂದೆ!"

ನಡುವೆ ಒಂದು ಮಗು ಬಿಕ್ಕುತ್ತಿತ್ತು. ನನಗೆ ಕರುಳು ಚುರ್ ಎಂದಿತು.

"ಯಾರಪ್ಪ ಅದು ಗಯ್ಯಾಳಿ? ಅಷ್ಟು ಸಣ್ಣ ಮಗೂನ ಹಂಗಾ ಬೈಯೋದು?" ಎಂದು ಒಳಗಿನಿಂದಲೇ ಕೂಗಿದೆ.

ಅತ್ತೆ ಹೋ ಎಂದು ನಕ್ಕದ್ದು ಕೇಳಿಸಿತು. "ಇನ್ಯಾರೇ? ನಿಂದೇ ಗಂಟಲು ಕಣೇ!"

"ಅತ್ತಿಗೆ, ನಿಮ್ಮನ್ನ ನಾಟಕಕ್ಕೆ ಸೇರಿಸ್ಬೋದು ಬಿಡಿ," ಎಂದ ಮೈದುನ.

ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತೆ. ಟೇಪು ತಿರುಗುತ್ತಲೇ ಇತ್ತು. "ಪಕ್ಕದ್ಮನೆ ಹುಡುಗಿ ಬೋರ್ಡ್ ನೋಡಿ ಮೂವತ್ತೆಂಟು ಅಂತ ಸರಿಯಾಗಿ ಬರ್ಕೊಂಡಿದಾಳೆ, ನೀನ್ಯಾಕೆ ಮೂವತ್ಮೂರು ಬರ್ದೆ?" ಎಂದು ಟೇಪಿನ ಹೆಂಗಸು ಕೇಳುತ್ತಿದ್ದಳು.

ನಿಮ್ಮ ತಾತ ಪೇಪರು ಕೆಳಗಿಟ್ಟರು. "ಇರು, ಮಗು ಏನೋ ಹೇಳ್ತು. ಹಿಂದಕ್ಕೆ ಹಾಕು."

ಮತ್ತೆ ಹಾಕಿದಾಗ ಎಲ್ಲರಿಗೂ ಕೇಳಿಸಿತು. ಆ ಹೆಂಗಸಿನ ಅಬ್ಬರದ ಅಡಿಯಲ್ಲಿ ಸಣ್ಣ ದನಿ, ಎರಡು ಸಲ: "ಬೋರ್ಡು ಕಾಣ್ಸಲ್ಲಮ್ಮ."

ಬೆಳಿಗ್ಗೆ ಮಗಳಿಂದ ಒಂದು ಮೊಳ ದೂರದಲ್ಲಿ ಕೂತಿದ್ದವಳು ನಾನು. ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ನಿಮ್ಮಮ್ಮ ಚಿಕ್ಕಪ್ಪನ ಬೆನ್ನ ಹಿಂದೆ ಹೋಗಿ ನಿಂತಿದ್ದಳು.

ಅವತ್ತು ನನ್ನ ತಲೆ ಮಾಡಿದ ಕೆಲಸವನ್ನು ನೆನೆದರೆ ಈಗಲೂ ಆಶ್ಚರ್ಯ. ಬೇರೆ ಯಾರದೋ ದನಿ ಎಂದುಕೊಂಡಾಗ ಅದು ಸಿಟ್ಟು ಎಂದು ಕ್ಷಣದಲ್ಲಿ ತಿಳಿಯಿತು. ನನ್ನದೇ ಎಂದು ಗೊತ್ತಾದ ಕೂಡಲೇ ಅದೇ ತಲೆ, ಇಲ್ಲ, ಪಾಪ, ಅವಳಿಗೆ ಭಯ, ಶಾಲೆಯವರು ಏನೆನ್ನುತ್ತಾರೋ ಎಂಬ ಭಯ ಎಂದು ಆ ಹೆಂಗಸಿನ ಪರ ವಾದಿಸತೊಡಗಿತು. ಸುಳ್ಳಲ್ಲ, ಒಳಗೆ ಇದ್ದದ್ದು ಭಯವೇ. ಆದರೆ ಮಗುವಿಗೆ ಸಿಕ್ಕಿದ್ದು ಹೊರಗಿನ ಸಿಟ್ಟು ಮಾತ್ರ.

ಮರುದಿನ ಬನಶಂಕರಿ ಕಡೆಯ ಕಣ್ಣಿನ ಡಾಕ್ಟರ ಬಳಿಗೆ ಇಬ್ಬರೇ ನಡೆದು ಹೊರಟೆವು. ದಾರಿಯಲ್ಲಿ ಕೇಳಿದೆ.

"ನನ್ನ ಕಂಡ್ರೆ ಭಯಾನಾ ಪುಟ್ಟ?"

"ಸ್ವಲ್ಪ."

"ನಂಗೂ ಭಯ ಆಗತ್ತೆ ಕಣೇ."

ಅವಳು ನಿಂತೇಬಿಟ್ಟಳು. "ನಿಂಗಾ? ಯಾರ್ನ ಕಂಡ್ರೆ?"

"ನಿಮ್ಮ ಟೀಚರನ್ನ ಕಂಡ್ರೆ. ಹಾಲಿನವನನ್ನ ಕಂಡ್ರೆ. ಈಗ ಈ ಡಾಕ್ಟ್ರನ್ನ ಕಂಡ್ರೆ."

"ಹಾಲಿನವ್ನನ್ನ ಕಂಡ್ರಾ!" ರಸ್ತೆಯಲ್ಲೇ ಗೊಳ್ಳೆಂದು ನಕ್ಕಳು. ನನ್ನ ಮುಖವನ್ನು ಹತ್ತಿರದಿಂದ, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಆಮೇಲೆ ಕೈ ಹಿಡಿದುಕೊಂಡಳು.

ಡಾಕ್ಟರ ಮುಂದೆ ಮಾತ್ರ ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು. ನಾನೇ ಬಾಯಿ ತೆರೆಯಬೇಕಾಯಿತು. ಬೆವೆತುಹೋದೆ. "ಮಗು ಹೇಳ್ತಾನೇ ಇತ್ತು ಡಾಕ್ಟ್ರೆ, ನಾನೇ ಕೇಳಿಸ್ಕೊಳ್ಳಲಿಲ್ಲ," ಎಂದೆ. ಅಷ್ಟು ಉದ್ದದ ಮಾತನ್ನು ಬೆಂಗಳೂರಿಗೆ ಬಂದ ಮೇಲೆ ಹೊರಗಿನವರೊಬ್ಬರ ಹತ್ತಿರ ನಾನು ಆಡಿರಲಿಲ್ಲ.

ಅಂದಿನಿಂದ ನನ್ನ ದನಿ ಏರಿತೆಂದರೆ ನಿಮ್ಮಮ್ಮ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು, "ಅಮ್ಮ, ಈಗ ಭಯಾನಾ?" ಎಂದು ಕೇಳುತ್ತಿದ್ದಳು. ಬಹಳ ಸಲ ಹೌದೆನ್ನುತ್ತಿದ್ದೆ. ಕೆಲವೊಮ್ಮೆ, "ಇಲ್ಲ ಕಣೇ, ಇದು ಸಿಟ್ಟೇ," ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಆಗ ತನ್ನ ಪುಸ್ತಕ ಎತ್ತಿಕೊಂಡು ಅಜ್ಜಿಯ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು.